ಮೊಳಕೆ ಕಾಳು: ತೊಳೆದರೆ ಸಾಕೇ?

ಮೊಳಕೆ ಕಾಳನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ. ರಸ್ತೆ ಬದಿಯಲ್ಲಿ ಗೋಬಿ ಮಂಚೂರಿ ಅಥವಾ ಪಾನಿಪುರಿ ತಿಂದದ್ದು ಗೊತ್ತಾದರೆ ಮನೆಯಲ್ಲಿ ಬೈಗುಳ ಖಂಡಿತ. ಅದೇ ಒಂದು ಬಟ್ಟಲು ಹಸಿ ಮೊಳಕೆ ಹೆಸರುಕಾಳಿಗೆ ಈರುಳ್ಳಿ ಹೆಚ್ಚಿ, ಲಿಂಬೆರಸ ಹಿಂಡಿ ತಿಂದರೆ ಎಲ್ಲರೂ ಮೆಚ್ಚುತ್ತಾರೆ. ಎಣ್ಣೆಯಿಲ್ಲ, ಬಣ್ಣವಿಲ್ಲ, ಮೈದಾ ಇಲ್ಲ, ಪ್ರೊಟೀನ್ ಇದೆ. ಜಿಮ್ಮಿಗೆ ಹೋಗುವ ಹುಡುಗರಿಗಂತೂ ಈಗ ಅದು ದಿನಚರಿಯ ಭಾಗ.

ನಮ್ಮ ಹಾಸ್ಟೆಲಿನಲ್ಲೂ ವಾರಕ್ಕೆ ಮೂರು ದಿನ ಬೆಳಗ್ಗಿನ ತಿಂಡಿಯ ಜೊತೆ ಹಸಿ ಮೊಳಕೆ ಕಾಳು ಕೊಡಬೇಕೆಂಬ ಬೇಡಿಕೆ ಬಂದಿದೆ. ಮೆಸ್ ಕಮಿಟಿಯಲ್ಲಿ ನಾನೂ ಇದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮೊಳಕೆ ಕಾಳು ಖಂಡಿತ ಇರಲಿ, ಆದರೆ ಹಸಿಯಾಗಿ ಬೇಡ, ಹಬೆಯಲ್ಲಿ ಬೇಯಿಸಿ ಕೊಡೋಣ. "ಚೆನ್ನಾಗಿ ತೊಳೆದು ಕೊಟ್ಟರೆ ಆಗದಾ?" ಎಂದು ಹಲವರು ಕೇಳಿದ್ದಾರೆ. ಯಾಕೆ ಆಗದು ಎಂಬುದನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸಲು ಸಾಧ್ಯವಿಲ್ಲ. ಅದಕ್ಕೇ ಈ ಲೇಖನ.

2011ರ ಮೇ ತಿಂಗಳಲ್ಲಿ ಉತ್ತರ ಜರ್ಮನಿಯ ಆಸ್ಪತ್ರೆಗಳಿಗೆ ರಕ್ತಭೇದಿಯ ರೋಗಿಗಳು ಒಬ್ಬರ ಹಿಂದೆ ಒಬ್ಬರಂತೆ ಬರತೊಡಗಿದರು. ಹಲವರಿಗೆ ಕೆಲವೇ ದಿನಗಳಲ್ಲಿ ಮೂತ್ರಪಿಂಡ ಕೆಲಸ ನಿಲ್ಲಿಸಿತು. ಕಾರಣ ಇ. ಕೊಲೈ ಬ್ಯಾಕ್ಟೀರಿಯಾದ ಒಂದು ಅಪರೂಪದ ತಳಿ, ಒ104:ಎಚ್4. ಇ. ಕೊಲೈ ಎಂದರೆ ನಮ್ಮೆಲ್ಲರ ಕರುಳಿನಲ್ಲಿ ಯಾವ ತೊಂದರೆಯನ್ನೂ ಕೊಡದೆ ಇರುವ ಬ್ಯಾಕ್ಟೀರಿಯಾ ಎಂದು ನಾವು ಓದಿದ್ದೇವೆ. ಆದರೆ ಅದರ ಕೆಲವು ತಳಿಗಳು ಶಿಗಾ ಟಾಕ್ಸಿನ್ ಎಂಬ ವಿಷವನ್ನು ತಯಾರಿಸುತ್ತವೆ. ಆ ವಿಷ ರಕ್ತನಾಳಗಳ ಒಳಪದರವನ್ನು ಹಾಳುಮಾಡುತ್ತದೆ, ಕೆಂಪು ರಕ್ತಕಣಗಳು ಒಡೆಯುತ್ತವೆ, ಕಿಡ್ನಿ ಸೋಲುತ್ತದೆ. ಇದಕ್ಕೆ ಹೀಮೊಲಿಟಿಕ್ ಯುರೆಮಿಕ್ ಸಿಂಡ್ರೋಮ್ ಎಂದು ಹೆಸರು. ಜರ್ಮನಿಯಲ್ಲಿ ಒಟ್ಟು ಸುಮಾರು 3,800 ಮಂದಿ ಕಾಯಿಲೆ ಬಿದ್ದರು. ಅವರಲ್ಲಿ 855 ಮಂದಿಗೆ ಈ ಕಿಡ್ನಿ ತೊಂದರೆ ಬಂತು, 53 ಮಂದಿ ತೀರಿಕೊಂಡರು. ಸಾಮಾನ್ಯವಾಗಿ ಇದು ಚಿಕ್ಕ ಮಕ್ಕಳನ್ನು ಕಾಡುವ ಕಾಯಿಲೆ. ಅಲ್ಲಿ ಮಾತ್ರ ಹೆಚ್ಚಿನವರು ಆರೋಗ್ಯವಂತ ವಯಸ್ಕರು, ಅದರಲ್ಲೂ ಹೆಂಗಸರು.

ಎಲ್ಲಿಂದ ಬಂತು ಈ ಬ್ಯಾಕ್ಟೀರಿಯಾ? ಮೊದಲು ಸಿಕ್ಕಿಬಿದ್ದದ್ದು ಸ್ಪೇನಿನ ಸೌತೆಕಾಯಿ. ಹ್ಯಾಂಬರ್ಗಿನ ಅಧಿಕಾರಿಗಳು ಅದರತ್ತ ಬೆರಳು ತೋರಿಸಿದ್ದೇ ತಡ, ಯುರೋಪಿನಾದ್ಯಂತ ಸೌತೆ, ಟೊಮೆಟೊ ಕೊಳ್ಳುವವರಿಲ್ಲದೆ ಕೊಳೆತವು. ಆಮೇಲೆ ನೋಡಿದರೆ ಆ ಸೌತೆಯಲ್ಲಿದ್ದದ್ದು ಬೇರೆಯೇ ತಳಿ. ಪಾಪದ ಸೌತೆ ನಿರಪರಾಧಿ! ತರಕಾರಿ ಬೆಳೆಗಾರರಿಗೆ ಪರಿಹಾರವಾಗಿ ಯುರೋಪಿಯನ್ ಒಕ್ಕೂಟ 20 ಕೋಟಿ ಯೂರೋಗೂ ಹೆಚ್ಚು ಹಣ ಕೊಡಬೇಕಾಯಿತು.

ಗುಟ್ಟು ಬಿಡಿಸಿದ್ದು ಒಂದು ಜಾಣ ಉಪಾಯ. ರೋಗಿಗಳನ್ನು ಏನೇನು ತಿಂದಿರಿ ಎಂದು ಕೇಳಿದರೆ ಸೌತೆ, ಟೊಮೆಟೊ, ಎಲೆಗಳ ಹೆಸರು ಹೇಳುತ್ತಿದ್ದರೇ ಹೊರತು ಮೊಳಕೆಯ ನೆನಪು ಬಹಳ ಮಂದಿಗೆ ಇರಲಿಲ್ಲ. ಸಲಾಡಿನ ಮೇಲೆ ಉದುರಿಸಿದ ನಾಲ್ಕು ಎಳೆ ಮೊಳಕೆ ಯಾರಿಗೆ ನೆನಪಿರುತ್ತದೆ? ನಮಗೆ ನಿನ್ನೆ ತಿಂದ ಪಲಾವಿನಲ್ಲಿ ಕೊತ್ತಂಬರಿ ಸೊಪ್ಪು ಇತ್ತೋ ಇಲ್ಲವೋ ನೆನಪಿರುವುದಿಲ್ಲ, ಹಾಗೆ. ಆದ್ದರಿಂದ ತನಿಖೆಯವರು ಒಂದೇ ರೆಸ್ಟೋರೆಂಟಿನಲ್ಲಿ ಉಂಡ ಬೇರೆ ಬೇರೆ ಗುಂಪಿನವರನ್ನು ಹುಡುಕಿದರು. ಅವರು ಆರ್ಡರ್ ಮಾಡಿದ ಪದಾರ್ಥಗಳ ಪಟ್ಟಿ ಹಿಡಿದುಕೊಂಡು ತಿಂದವರ ಬದಲು ಅಡುಗೆಯವರನ್ನು ಕೇಳಿದರು: ಯಾವ ತಟ್ಟೆಗೆ ಏನೇನು ಹಾಕುತ್ತೀರಿ? ಲೆಕ್ಕ ಹಾಕಿದಾಗ, ಮೊಳಕೆ ಇದ್ದ ಊಟ ಮಾಡಿದವರಿಗೆ ಕಾಯಿಲೆ ಬರುವ ಸಾಧ್ಯತೆ ಉಳಿದವರಿಗಿಂತ 8.6 ಪಟ್ಟು ಹೆಚ್ಚಿತ್ತು. ಆ ಮೊಳಕೆ ಬಂದದ್ದು ಕೆಳ ಸ್ಯಾಕ್ಸನಿ ರಾಜ್ಯದ ಒಂದು ತೋಟದಿಂದ.

ಅದೇ ಜೂನಿನಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಹತ್ತಿರ ಇದೇ ತಳಿಯಿಂದ ಕೆಲವರು ಕಾಯಿಲೆ ಬಿದ್ದರು. ಅವರು ತಿಂದದ್ದು ಜರ್ಮನಿಯ ಮೊಳಕೆಯಲ್ಲ, ಅಲ್ಲೇ ಬರಿಸಿದ ಮೊಳಕೆ. ಎರಡೂ ಕಡೆಗೆ ಸಾಮಾನ್ಯವಾಗಿದ್ದದ್ದು ಒಂದೇ: 2009ರ ಕೊನೆಗೆ ಈಜಿಪ್ಟಿನಿಂದ ಹಡಗಿನಲ್ಲಿ ಬಂದಿದ್ದ ಮೆಂತೆ ಕಾಳಿನ ಒಂದು ಲಾಟ್. ಹೌದು, ನಮ್ಮ ಅಡುಗೆಮನೆಯ ಮೆಂತೆ. ಒಂದೂವರೆ ವರ್ಷ ಒಣ ಚೀಲದಲ್ಲಿದ್ದ ಕಾಳಿನಿಂದಲೇ ಸೋಂಕು ಬಂದಿರಬೇಕೆಂದು ತನಿಖೆ ತೀರ್ಮಾನಿಸಿತು. ಸ್ವಾರಸ್ಯವೆಂದರೆ, ಉಳಿದಿದ್ದ ಬೀಜಗಳನ್ನು ಪರೀಕ್ಷಿಸಿದಾಗ ಆ ಬ್ಯಾಕ್ಟೀರಿಯಾ ಸಿಗಲೇ ಇಲ್ಲ. ಇದು ಯಾಕೆ ಎಂದು ಅರ್ಥವಾದರೆ ಮೊಳಕೆ ಕಾಳಿನ ಇಡೀ ಸಮಸ್ಯೆ ಅರ್ಥವಾದಂತೆ.

ಜಪಾನಿನಲ್ಲಿ ಇದಕ್ಕೂ ಮೊದಲು, 1996ರ ಜುಲೈಯಲ್ಲಿ, ಸಕಾಯ್ ನಗರದ 6,000ಕ್ಕೂ ಹೆಚ್ಚು ಶಾಲಾ ಮಕ್ಕಳು ಮಧ್ಯಾಹ್ನದ ಊಟದಿಂದ ಕಾಯಿಲೆ ಬಿದ್ದಿದ್ದರು. ಆಗ ಸಂಶಯ ಹೋದದ್ದು ಮೂಲಂಗಿ ಬೀಜದ ಮೊಳಕೆಯ ಮೇಲೆ. ಬೆಳೆಗಾರರ ವ್ಯಾಪಾರ ಕುಸಿದಾಗ ಆರೋಗ್ಯ ಸಚಿವ ನಾವೊಟೊ ಕಾನ್ ಟಿ.ವಿ. ಕ್ಯಾಮೆರಾದ ಮುಂದೆ ಮೂಲಂಗಿ ಮೊಳಕೆ ತಿಂದು ತೋರಿಸಿದರು. ಅವರಿಗೆ ಏನೂ ಆಗಲಿಲ್ಲ. ಒಬ್ಬರಿಗೆ ಏನೂ ಆಗಲಿಲ್ಲ ಎಂಬುದು ಸಾಕ್ಷ್ಯವಲ್ಲ ಎಂಬುದು ಬೇರೆ ಮಾತು. "ನಾನು ದಿನಾ ತಿನ್ನುತ್ತೇನೆ, ನನಗೇನೂ ಆಗಿಲ್ಲ" ಎಂದು ನಮ್ಮ ಹಾಸ್ಟೆಲಿನ ಗೆಳೆಯರು ಹೇಳುವುದೂ ಇದೇ ಲೆಕ್ಕದ್ದು.

ಈಗ ಕಾಳಿನ ಒಳಗೆ ಏನು ನಡೆಯುತ್ತದೆ ಎಂದು ನೋಡೋಣ.

ಗದ್ದೆಯಲ್ಲಿ ಬೆಳೆದ ಕಾಳಿಗೆ ಗೊಬ್ಬರ, ಹೊಂಡದ ನೀರು, ದನ, ಹಕ್ಕಿ ಎಲ್ಲದರ ಸಂಪರ್ಕವಿರುತ್ತದೆ. ಕಣದಲ್ಲಿ ಬಡಿಯುವಾಗ ಮಣ್ಣು ತಾಗುತ್ತದೆ, ಗೋದಾಮಿನಲ್ಲಿ ಇಲಿ ಓಡಾಡುತ್ತದೆ. ಇದರಲ್ಲಿ ರೈತರ ತಪ್ಪೇನೂ ಇಲ್ಲ. ಬೇಳೆಕಾಳು ಹೇಗೂ ಕುದಿಯುವ ಪದಾರ್ಥ ಎಂದೇ ಅವರು ಬೆಳೆಯುತ್ತಾರೆ. ಹೀಗೆ ಒಂದು ಚೀಲ ಕಾಳಿನಲ್ಲಿ ಎಲ್ಲೋ ಕೆಲವು ಕಾಳಿಗೆ ಸಾಲ್ಮೊನೆಲ್ಲಾ ಅಥವಾ ಕೆಟ್ಟ ತಳಿಯ ಇ. ಕೊಲೈ ಅಂಟಿರಬಹುದು. ಒಣ ಕಾಳಿನ ಮೇಲೆ ಅವು ಬೆಳೆಯುವುದಿಲ್ಲ, ಆದರೆ ತಿಂಗಳುಗಟ್ಟಲೆ ಸಾಯುವುದೂ ಇಲ್ಲ. ಸಂಖ್ಯೆ ಇಷ್ಟು ಕಡಿಮೆ ಇರುವುದರಿಂದಲೇ ಬೀಜದ ಮಾದರಿ ತೆಗೆದು ಪರೀಕ್ಷಿಸಿದರೆ ಸಿಗುವುದು ಕಷ್ಟ. ಈಜಿಪ್ಟಿನ ಮೆಂತೆಯಲ್ಲೂ ಹೀಗೆಯೇ ಆಗಿರಬಹುದು.

ನಾವು ಆ ಕಾಳನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಬಟ್ಟೆಯಲ್ಲಿ ಕಟ್ಟಿ, ಬೆಚ್ಚಗಿನ ಮೂಲೆಯಲ್ಲಿ ಇಡುತ್ತೇವೆ. ಮೊಳಕೆಗೆ ಬೇಕಾದದ್ದೇನು? ತೇವ, ಬೆಚ್ಚಗಿನ ಹವೆ, ಸಮಯ. ಬ್ಯಾಕ್ಟೀರಿಯಾಕ್ಕೆ ಬೇಕಾದದ್ದೂ ಅದೇ. ಮೇಲಾಗಿ, ಮೊಳೆಯುವ ಕಾಳು ತನ್ನ ಪಿಷ್ಟವನ್ನು ಸಕ್ಕರೆಯಾಗಿ, ಪ್ರೊಟೀನನ್ನು ಅಮೈನೊ ಆಮ್ಲಗಳಾಗಿ ಒಡೆಯುತ್ತದೆ. ಅದರಲ್ಲಿ ಒಂದಿಷ್ಟು ಹೊರಗೆ ಸೋರುತ್ತದೆ. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ನಾವು ಪೋಷಕ ದ್ರವ ತಯಾರಿಸಿ ಇನ್‌ಕ್ಯುಬೇಟರಿನಲ್ಲಿ ಇಡುತ್ತೇವಲ್ಲ, ಅಡುಗೆಮನೆಯ ಆ ಗಂಟು ಅದಕ್ಕಿಂತ ಬಹಳ ಬೇರೆಯಲ್ಲ. ನಮ್ಮ ಕರಾವಳಿಯ ಸೆಖೆಯಲ್ಲಂತೂ ಇನ್‌ಕ್ಯುಬೇಟರಿಗೆ ಕರೆಂಟೂ ಬೇಡ.

ಲೆಕ್ಕ ನೋಡಿ. ಬ್ಯಾಕ್ಟೀರಿಯಾ ಗಂಟೆಗೆ ಒಮ್ಮೆ ಮಾತ್ರ ಇಬ್ಭಾಗವಾಗುತ್ತದೆ ಎಂದಿಟ್ಟುಕೊಳ್ಳೋಣ. ಅನುಕೂಲವಾದ ಜಾಗದಲ್ಲಿ ಅದು ಇದಕ್ಕಿಂತ ಬೇಗ ಆಗುತ್ತದೆ, ಆದರೂ ಉದಾರವಾಗಿ ಲೆಕ್ಕ ಹಾಕೋಣ. 24 ಗಂಟೆಯಲ್ಲಿ ಒಂದು ಬ್ಯಾಕ್ಟೀರಿಯಾ 2ರ ಘಾತ 24, ಅಂದರೆ 1,67,77,216 ಆಗುತ್ತದೆ. ಒಂದೂ ಮುಕ್ಕಾಲು ಕೋಟಿಯ ಹತ್ತಿರ. ಇದು ಹೀಗೇ ಮುಂದುವರಿಯುವುದಿಲ್ಲ, ಜಾಗಕ್ಕೂ ಆಹಾರಕ್ಕೂ ಪೈಪೋಟಿ ಶುರುವಾಗಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ತಿನ್ನಲು ಸಿದ್ಧವಾದ ಮೊಳಕೆಯ ಒಂದೊಂದು ಗ್ರಾಮಿನಲ್ಲೂ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಗಾಬರಿಯಾಗಬೇಡಿ, ಅವುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಆದರೆ ಕಾಳಿನ ಜೊತೆ ಕೆಟ್ಟದ್ದು ಒಂದು ಬಂದಿದ್ದರೆ ಅದೂ ಉಳಿದವುಗಳ ಜೊತೆ ಹೆಚ್ಚುತ್ತದೆ.

ಈಗ ಗೆಳೆಯರ ಪ್ರಶ್ನೆಗೆ ಬರೋಣ. ಮೊಳಕೆ ಬಂದ ಮೇಲೆ ಚೆನ್ನಾಗಿ ತೊಳೆದು ಹತ್ತರಲ್ಲಿ ಒಂಬತ್ತು ಪಾಲು ಬ್ಯಾಕ್ಟೀರಿಯಾ ತೆಗೆದೆವು ಎನ್ನೋಣ. ಗ್ರಾಮಿಗೆ ಒಂದು ಕೋಟಿ ಇದ್ದದ್ದು ಹತ್ತು ಲಕ್ಷಕ್ಕೆ ಇಳಿಯಿತು. ಪರೀಕ್ಷೆಯಲ್ಲಿ 90 ಪರ್ಸೆಂಟ್ ಎಂದರೆ ಡಿಸ್ಟಿಂಕ್ಷನ್. ಇಲ್ಲಿ ಮಾತ್ರ ಫೇಲು. ಕೆಟ್ಟ ತಳಿಯ ಇ. ಕೊಲೈ ಆದರೆ ಬಹಳ ಕಡಿಮೆ ಸಂಖ್ಯೆಯಲ್ಲಿ ಹೊಟ್ಟೆ ಸೇರಿದರೂ ಕಾಯಿಲೆ ತರಬಲ್ಲದು. ಅಷ್ಟೇ ಅಲ್ಲ, ಮೊಳಕೆಯ ಬೇರಿನ ರೋಮಗಳ ನಡುವೆ, ಸಿಪ್ಪೆಯ ಅಡಿಯಲ್ಲಿ ಬ್ಯಾಕ್ಟೀರಿಯಾಗಳು ಅಂಟು ಪದರ ಕಟ್ಟಿಕೊಂಡು ಕೂತಿರುತ್ತವೆ. ಕೆಲವು ಮೊಳಕೆಯ ಅಂಗಾಂಶದ ಒಳಗೇ ಸೇರಿಕೊಳ್ಳುತ್ತವೆ. ಅಲ್ಲಿಗೆ ನಲ್ಲಿಯ ನೀರು ಹೋಗುವುದಿಲ್ಲ. ಉಪ್ಪು ನೀರು, ವಿನೆಗರ್, ಲಿಂಬೆರಸಗಳನ್ನೂ ನಂಬುವಂತಿಲ್ಲ. ತಿನ್ನುವ ಐದು ನಿಮಿಷ ಮೊದಲು ಹಿಂಡಿದ ಲಿಂಬೆ ರುಚಿಗೆ ಮಾತ್ರ.

ಹಾಗಾದರೆ ಬ್ಯಾಕ್ಟೀರಿಯಾವನ್ನು ಹಿಡಿಯಬೇಕಾದದ್ದು ಅದು ಕೋಟಿಯಾದ ಮೇಲೆ ಅಲ್ಲ, ಒಂದೋ ಎರಡೋ ಇರುವಾಗ, ಕಾಳಿನ ಹಂತದಲ್ಲಿ. ವಿಜ್ಞಾನಿಗಳು ಪ್ರಯತ್ನಿಸಿದ್ದೂ ಇದನ್ನೇ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1999ರಲ್ಲಿ ಮೊಳಕೆ ಉತ್ಪಾದಕರಿಗೆ ಕೊಟ್ಟ ಸಲಹೆಯಲ್ಲಿ, ಕಾಳನ್ನು ನೆನೆಹಾಕುವ ಮೊದಲು ಉಪಚರಿಸಲು 20,000 ಪಿಪಿಎಂ ಕ್ಯಾಲ್ಸಿಯಂ ಹೈಪೊಕ್ಲೋರೈಟ್ ದ್ರಾವಣವನ್ನು ಉದಾಹರಣೆಯಾಗಿ ಹೇಳಿತು. ನಮ್ಮ ನಲ್ಲಿ ನೀರಿನಲ್ಲಿ ಇರಬೇಕಾದ ಕನಿಷ್ಠ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ. ಅದಕ್ಕೆ ಹೋಲಿಸಿದರೆ ಇದು ಒಂದು ಲಕ್ಷ ಪಟ್ಟು! ಇಷ್ಟಾದರೂ ಬ್ಯಾಕ್ಟೀರಿಯಾ ಪೂರ್ತಿ ನಾಶವಾಗುತ್ತದೆ ಎನ್ನುವ ಖಾತ್ರಿ ಇಲ್ಲ. ಕಾಳಿನ ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ಅಲ್ಲಿ ಅಡಗಿದ್ದವು ಉಳಿದುಕೊಳ್ಳುತ್ತವೆ. ಉಳಿದದ್ದು ಒಂದೇ ಆದರೂ ಮುಂದಿನ 24 ಗಂಟೆಯ ಲೆಕ್ಕ ಮೇಲೆ ಹೇಳಿದ್ದೇ. (ದಯವಿಟ್ಟು ಯಾರೂ ಬ್ಲೀಚಿಂಗ್ ಪೌಡರ್ ತಂದು ಇದನ್ನು ಹಾಸ್ಟೆಲಿನಲ್ಲಿ ಪ್ರಯತ್ನಿಸಬೇಡಿ. ಅದು ತರಬೇತಿ ಪಡೆದವರ ಕೆಲಸ. ಕಣ್ಣಿಗೂ ಶ್ವಾಸಕೋಶಕ್ಕೂ ಅಪಾಯ.)

ಇನ್ನೊಂದು ದಾರಿ ಬಿಸಿ. ಜಪಾನಿನಲ್ಲಿ ಹೆಸರುಕಾಳನ್ನು 85 ಡಿಗ್ರಿಯ ನೀರಿನಲ್ಲಿ ಕೆಲವೇ ಸೆಕೆಂಡು ಅದ್ದಿ, ಕೂಡಲೇ ತಣ್ಣೀರಿಗೆ ಹಾಕುವ ವಿಧಾನವನ್ನು ಪರೀಕ್ಷಿಸಿದ್ದಾರೆ. ಬ್ಯಾಕ್ಟೀರಿಯಾ ಸಾಯಬೇಕು, ಕಾಳಿನ ಭ್ರೂಣ ಸಾಯಬಾರದು. ಬಿಸಿ ಹೆಚ್ಚು ಹೊತ್ತು ತಾಗಿದರೆ ಮೊಳಕೆ ಬರುವುದಿಲ್ಲ. ದೊಡ್ಡ ಕಾರ್ಖಾನೆಯಲ್ಲಿ ಇದು ಸಾಧ್ಯ, ನಮ್ಮ ಮೆಸ್ಸಿನ ಹಂಡೆಯಲ್ಲಿ ಕಷ್ಟ. ಗಾಮಾ ಕಿರಣ ಹಾಯಿಸಿ ಮೊಳಕೆಯ ಬ್ಯಾಕ್ಟೀರಿಯಾ ಕೊಲ್ಲುವ ಪ್ರಯೋಗಗಳನ್ನು ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳೂ ಮಾಡಿದ್ದಾರೆ. ಅದೂ ನಮ್ಮ ಕೈಗೆ ಎಟಕುವಂಥದ್ದಲ್ಲ.

ನನಗೆ ಬಹಳ ಹಿಡಿಸಿದ್ದು ಉತ್ಪಾದಕರು ಬಳಸುವ ಒಂದು ಪರೀಕ್ಷೆ. ಅವರು ಕಾಳನ್ನಾಗಲಿ ಮೊಳಕೆಯನ್ನಾಗಲಿ ಮಾತ್ರ ನೆಚ್ಚಿಕೊಳ್ಳದೆ, ಮೊಳಕೆಯ ಮೇಲೆ ಹಾಯಿಸಿ ಕೆಳಗೆ ಹರಿದು ಬಂದ ನೀರನ್ನು ಪರೀಕ್ಷಿಸುತ್ತಾರೆ. ಮೊಳಕೆ ಹಾಕಿ ಸುಮಾರು 48 ಗಂಟೆಯಾದ ಮೇಲೆ. ಅಷ್ಟರಲ್ಲಿ ಒಂದು ಮೂಲೆಯಲ್ಲಿದ್ದ ಬ್ಯಾಕ್ಟೀರಿಯಾವೂ ಸಾಕಷ್ಟು ಹೆಚ್ಚಿರುತ್ತದೆ, ನೀರು ಎಲ್ಲ ಕಾಳನ್ನೂ ಮುಟ್ಟಿ ಬಂದಿರುತ್ತದೆ. ಇಡೀ ತೊಟ್ಟಿಯ ಸುದ್ದಿ ಒಂದು ಬಾಟಲಿ ನೀರಿನಲ್ಲಿ ಸಿಗುತ್ತದೆ.

ನಮ್ಮ ಮನೆ, ಮೆಸ್ಸಿಗೆ ಇದರಿಂದ ಏನು ಸಿಕ್ಕಿತು? ಬ್ಯಾಕ್ಟೀರಿಯಾವನ್ನು ಕಡಿಮೆ ಮಾಡುವ ಕೆಲಸ ಕಾಳು ಆರಿಸುವಲ್ಲಿಂದ ಶುರುವಾಗಬೇಕು. ಒಡೆದ, ಬಿರುಕು ಬಿಟ್ಟ, ಹುಳ ಹಿಡಿದ ಕಾಳನ್ನು ಮೊರದಲ್ಲಿ ಕೇರಿ ತೆಗೆಯಬೇಕು. ಬಿರುಕು ಎಂದರೆ ಬ್ಯಾಕ್ಟೀರಿಯಾಕ್ಕೆ ಮನೆ ಬಾಗಿಲು. ಅಡುಗೆಗೆ ಮಾರುವ ಕಾಳನ್ನೇ ತರಬೇಕು. ಬಿತ್ತನೆ ಬೀಜದ ಅಂಗಡಿಯಿಂದ ತಂದದ್ದಕ್ಕೆ ಔಷಧಿ ಸವರಿರುತ್ತಾರೆ, ಅದು ತಿನ್ನುವ ವಸ್ತುವೇ ಅಲ್ಲ. ನೆನೆಹಾಕಲು ಕುದಿಸಿ ಆರಿಸಿದ ನೀರು ಒಳ್ಳೆಯದು. ಮಳೆಗಾಲದಲ್ಲಿ ನಮ್ಮ ಬಾವಿಗಳಿಗೆ ಮೇಲಿನ ನೀರು ಇಳಿಯುವುದನ್ನು ಎಲ್ಲರೂ ನೋಡಿದ್ದೇವೆ. ನೆನೆಸಿದ ನೀರನ್ನು ಚೆಲ್ಲಿ, ದಿನಕ್ಕೆ ಎರಡು ಮೂರು ಸಲ ಹೊಸ ನೀರಿನಲ್ಲಿ ಜಾಲಿಸಿ, ಪೂರ್ತಿ ಬಸಿಯಬೇಕು. ತಳದಲ್ಲಿ ನೀರು ನಿಲ್ಲಬಾರದು.

ಬಟ್ಟೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಬಹಳ ಕಡೆ ಮೊಳಕೆ ಕಟ್ಟುವ ಬಟ್ಟೆ ಎಂದರೆ ಅಡುಗೆಮನೆಯಲ್ಲಿ ಕೈಗೆ ಸಿಕ್ಕ ಹಳೆಯ ಬಟ್ಟೆ. ಅದನ್ನು ಹಿಂಡಿ ಒಲೆಯ ಪಕ್ಕ ನೇತುಹಾಕುತ್ತಾರೆ, ಜೂನ್ ಜುಲೈಯಲ್ಲಿ ಅದು ಒಣಗುವುದೇ ಇಲ್ಲ. ಕಳೆದ ವಾರದ ಬ್ಯಾಕ್ಟೀರಿಯಾ ಈ ವಾರದ ಕಾಳಿಗೆ ದಾಟಿಕೊಳ್ಳಲು ಇದಕ್ಕಿಂತ ಒಳ್ಳೆಯ ಸೇತುವೆ ಬೇಡ. ಮೊಳಕೆಗೆಂದೇ ಒಂದು ಬಿಳಿ ಬಟ್ಟೆ ಇಟ್ಟು, ಪ್ರತಿ ಸಲ ಕುದಿಯುವ ನೀರಿಗೆ ಹಾಕಿ, ಚೆನ್ನಾಗಿ ಒಣಗಿಸಬೇಕು. ಪಾತ್ರೆಗೂ ಕುದಿನೀರು ಸುರಿಯಬೇಕು. ಮುಟ್ಟುವ ಕೈ ಸೋಪು ಹಾಕಿ ತೊಳೆದದ್ದಾಗಿರಬೇಕು. ದಿನಕ್ಕೆ ಐದು ಸಲ ವುಜೂ ಮಾಡುವ ಕೈ ಶುಚಿಯಾಗಿಯೇ ಇರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಹಸಿ ಕೋಳಿ ಮುಟ್ಟಿದ ಕೈಗೆ ಸೋಪು ಬೇಕೇ ಬೇಕು. ಮಾಂಸ ತೊಳೆದ ಸಿಂಕಿನಲ್ಲೇ ಕಾಳು ಜಾಲಿಸುವುದೂ ಬೇಡ. ಮೊಳಕೆ ಬಂದ ಕೂಡಲೇ ಫ್ರಿಜ್ಜಿಗೆ ಹಾಕಬೇಕು. ಫ್ರಿಜ್ಜು ಬ್ಯಾಕ್ಟೀರಿಯಾ ಕೊಲ್ಲುವುದಿಲ್ಲ, ಬೆಳವಣಿಗೆಯನ್ನು ನಿಧಾನ ಮಾಡುತ್ತದೆ ಅಷ್ಟೇ. ಲೋಳೆಯಾದ, ವಾಸನೆ ಬಂದ ಮೊಳಕೆಯನ್ನು ಎಸೆಯಿರಿ. ವಾಸನೆ ಇಲ್ಲದ್ದು ಸುರಕ್ಷಿತ ಎಂದೂ ತಿಳಿಯಬೇಡಿ, ಸಾಲ್ಮೊನೆಲ್ಲಾಕ್ಕೆ ವಾಸನೆಯಿಲ್ಲ.

ಇಷ್ಟೆಲ್ಲ ಮಾಡಿದರೂ ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಮನೆಯಲ್ಲಿ ನಾಲ್ಕು ಮಂದಿಗೆ ಮಾಡುವಾಗ ಅಷ್ಟು ಸಾಕು ಎಂದು ಯಾರಾದರೂ ಹೇಳಿದರೆ ನಾನು ವಾದಿಸುವುದಿಲ್ಲ, ಮನೆಯಲ್ಲಿ ಎಳೆ ಮಕ್ಕಳು, ಬಸುರಿಯರು, ವಯಸ್ಸಾದವರು, ಕಾಯಿಲೆಯವರು ಇಲ್ಲದಿದ್ದರೆ. ಹಾಸ್ಟೆಲಿನ ಮಾತು ಬೇರೆ. ಇಲ್ಲಿ ಒಂದೇ ಪಾತ್ರೆಯಿಂದ ಎಲ್ಲರ ತಟ್ಟೆಗೂ ಬೀಳುತ್ತದೆ. ಒಂದು ಹಿಡಿ ಕಾಳಿನಲ್ಲಿದ್ದದ್ದು ಎರಡು ದಿನದಲ್ಲಿ ಇಡೀ ಪಾತ್ರೆಗೆ ಹಬ್ಬಿರುತ್ತದೆ. ಸಕಾಯ್‌ನಲ್ಲಿ ಅಷ್ಟೊಂದು ಮಕ್ಕಳು ಒಟ್ಟಿಗೆ ಮಲಗಿದ್ದು ಊಟದ ಸಾಮಗ್ರಿ ಒಂದೇ ಕಡೆಯಿಂದ ಬರುತ್ತಿದ್ದುದರಿಂದ. ಪರೀಕ್ಷೆಯ ವಾರದಲ್ಲೋ ರಮಝಾನಿನಲ್ಲೋ ಹಾಸ್ಟೆಲಿನಲ್ಲಿ ಹೀಗಾದರೆ ಏನಾಗಬಹುದು ಎಂದು ಯೋಚಿಸಿ.

ಬೇಯಿಸುವುದೊಂದೇ ನಂಬಬಹುದಾದ ದಾರಿ. ಒಳಗಿನವರೆಗೆ 70 ಡಿಗ್ರಿ ಬಿಸಿ ಎರಡು ನಿಮಿಷ ತಾಗಿದರೆ ಸಾಲ್ಮೊನೆಲ್ಲಾ, ಇ. ಕೊಲೈ ಎರಡೂ ಸಾಯುತ್ತವೆ. ಇಡ್ಲಿ ಪಾತ್ರೆಯ ಹಬೆ 100 ಡಿಗ್ರಿಯ ಹತ್ತಿರ ಇರುತ್ತದೆ. ಮೊಳಕೆಯನ್ನು ತೆಳುವಾಗಿ ಹರಡಿ ಎಂಟು ಹತ್ತು ನಿಮಿಷ ಹಬೆ ಕೊಟ್ಟರೆ ಕಾಳು ಬೇಯುತ್ತದೆ, ಮುದ್ದೆಯಾಗುವುದಿಲ್ಲ, ಕಚ್ಚಿದರೆ ಕರುಕುರು ಸ್ವಲ್ಪ ಉಳಿಯುತ್ತದೆ. ದಪ್ಪವಾಗಿ ಸುರಿದರೆ ನಡುವಿನದ್ದಕ್ಕೆ ಬಿಸಿ ತಾಗುವುದಿಲ್ಲ, ಇದನ್ನು ಗಮನಿಸಬೇಕು. ಈರುಳ್ಳಿ, ಕ್ಯಾರೆಟ್, ಲಿಂಬೆ ಎಲ್ಲ ಆಮೇಲೆ.

"ಬೇಯಿಸಿದರೆ ಸತ್ವ ಹೋಗುತ್ತದೆ" ಎನ್ನುವವರಿಗೆ: ವಿಟಮಿನ್ ಸಿ ಸ್ವಲ್ಪ ಕಡಿಮೆಯಾಗುವುದು ನಿಜ, ಲಿಂಬೆ ಹಿಂಡುವುದರಿಂದ ಅದರಲ್ಲಿ ಒಂದಿಷ್ಟು ತುಂಬಿಬರುತ್ತದೆ. ಪ್ರೊಟೀನ್ ಎಲ್ಲಿಗೂ ಹೋಗುವುದಿಲ್ಲ. ಬದಲಿಗೆ, ಹಸಿ ಕಾಳಿನಲ್ಲಿ ನಮ್ಮ ಟ್ರಿಪ್ಸಿನ್ ಕಿಣ್ವವನ್ನು ತಡೆಯುವ ಅಂಶಗಳಿರುತ್ತವೆ. ಬಿಸಿಗೆ ಅವು ಕುಗ್ಗುವುದರಿಂದ ಪ್ರೊಟೀನ್ ಹೆಚ್ಚು ಚೆನ್ನಾಗಿ ಜೀರ್ಣವಾಗುತ್ತದೆ. ಜಿಮ್ಮಿನ ಗೆಳೆಯರು ಇದನ್ನು ಗಮನಿಸಬೇಕು. ರಾಜ್ಮಾದ ಮೊಳಕೆಯನ್ನಂತೂ ಹಸಿಯಾಗಿ ಎಂದೂ ತಿನ್ನಬಾರದು, ಅದರಲ್ಲಿರುವ ಲೆಕ್ಟಿನ್ ಬ್ಯಾಕ್ಟೀರಿಯಾ ಇಲ್ಲದೆಯೂ ವಾಂತಿ ಮಾಡಿಸುತ್ತದೆ. ಅದಕ್ಕೆ ಹಬೆಯೂ ಸಾಲದು, ಚೆನ್ನಾಗಿ ಕುದಿಯಬೇಕು.

ನಿಜ ಹೇಳಬೇಕೆಂದರೆ ಹಸಿ ಮೊಳಕೆ ನಮ್ಮ ಊರಿನ ಪದ್ಧತಿಗಿಂತ ಹೆಚ್ಚಾಗಿ ಮೊಬೈಲಿನ ಪದ್ಧತಿ. ಇಲ್ಲಿ ಮೊಳಕೆ ಹೆಸರುಕಾಳು ಎಂದರೆ ತೆಂಗಿನಕಾಯಿ ಅರೆದು ಹಾಕಿದ ಗಸಿ. ಘಟ್ಟದ ಮೇಲೆ ಮೊಳಕೆ ಹುರುಳಿಯ ಸಾರು, ಉತ್ತರ ಕರ್ನಾಟಕದಲ್ಲಿ ಮಡಕಿ ಕಾಳಿನ ಪಲ್ಯ. ಮಗುವಿಗೆ ಮೊಳಕೆ ರಾಗಿ ತಿನ್ನಿಸುವವರೂ ಒಣಗಿಸಿ, ಹುರಿದು, ಬೀಸಿ, ಕಾಯಿಸಿಯೇ ಕೊಡುತ್ತಾರೆ. ರಮಝಾನಿನ ಗಂಜಿಗೆ ನನ್ನ ಉಮ್ಮ ಹಾಕುವ ಮೆಂತೆಯೂ ಗಂಟೆಗಟ್ಟಲೆ ಬೆಂದಿರುತ್ತದೆ. ಕೋಸಂಬರಿ ಹಸಿಯಲ್ಲವೇ ಎಂದು ಕೇಳಬಹುದು. ಅದು ಒಂದೆರಡು ಗಂಟೆ ನೆನೆದ ಬೇಳೆ, ಎರಡು ದಿನ ಬೆಚ್ಚಗೆ ಇಟ್ಟ ಮೊಳಕೆಯಲ್ಲ. ಬ್ಯಾಕ್ಟೀರಿಯಾಕ್ಕೆ ಸಿಕ್ಕ ಸಮಯದಲ್ಲೇ ವ್ಯತ್ಯಾಸ ಇದೆ.

ಕೊನೆಗೆ, ಯಾರಿಗಾದರೂ ಹೊಟ್ಟೆ ಕೆಟ್ಟರೆ ಒಆರ್‌ಎಸ್ ಕುಡಿಯುತ್ತಿರಬೇಕು. ಮಲದಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ ವಾರ್ಡನ್‌ಗೆ ಹೇಳಿ ಅದೇ ದಿನ ವೈದ್ಯರ ಹತ್ತಿರ ಹೋಗಬೇಕು. ಉಪವಾಸವಿದ್ದರೆ ಬಿಡಬಹುದು, ಕಾಯಿಲೆಯವರಿಗೆ ಆ ರಿಯಾಯಿತಿ ಇದೆ, ಆಮೇಲೆ ಪೂರೈಸಬಹುದು. ಮೆಡಿಕಲ್‌ನಿಂದ ತಾವೇ ಆ್ಯಂಟಿಬಯಾಟಿಕ್ ಅಥವಾ ಭೇದಿ ನಿಲ್ಲಿಸುವ ಮಾತ್ರೆ ತಂದು ನುಂಗುವುದು ಬೇಡ. ಶಿಗಾ ಟಾಕ್ಸಿನ್ ಇರುವ ಸೋಂಕಿನಲ್ಲಿ ಕೆಲವು ಆ್ಯಂಟಿಬಯಾಟಿಕ್‌ಗಳು ವಿಷದ ಬಿಡುಗಡೆಯನ್ನು ಹೆಚ್ಚಿಸಬಹುದು, ಭೇದಿ ಕಟ್ಟಿದರೆ ವಿಷ ಕರುಳಿನಲ್ಲೇ ಉಳಿಯುತ್ತದೆ. ಯಾವ ಔಷಧಿ ಎಂಬುದನ್ನು ವೈದ್ಯರು ತೀರ್ಮಾನಿಸಲಿ. ಹಿಂದಿನ ವಾರ ಏನೇನು ತಿಂದಿರಿ ಎಂದು ಅವರು ಕೇಳಿದಾಗ, ತಟ್ಟೆಯ ಮೇಲೆ ಉದುರಿಸಿದ್ದ ಮೊಳಕೆಯನ್ನೂ ನೆನಪು ಮಾಡಿಕೊಂಡು ಹೇಳಿ.